ಮಡಚದ ಕಾಲು

"ಇನ್ನೊಂಚೂರು ಎಳಿಯಲೇ ಈರೇಶ. ಬಿಸಿನೀರು ಬಿದ್ದೈತೆ, ಈಗಾದ್ರೆ ಬರ್ತೈತೆ," ಎಂದು ದೊಡ್ಡೀರಪ್ಪ ನಿಂತಲ್ಲಿಂದಲೇ ಮಗನಿಗೆ ಹೇಳಿದ.

ಈರೇಶ್ ಚಿಕ್ಕಮ್ಮನ ಬಲಗಾಲಿನ ಹರಡು ಹಿಡಿದು ಮತ್ತೊಮ್ಮೆ ಒಳಕ್ಕೆ ಎಳೆದ. ಎಡಗಾಲು ಆಗಲೇ ಮಡಚಿ ಚಕ್ಕಳಮಕ್ಕಳಕ್ಕೆ ಬಂದಿತ್ತು. ಬಲಗಾಲು ಮಾತ್ರ ಕುರ್ಚಿಯಲ್ಲಿ ಕೂತವರ ಕಾಲಿನಷ್ಟು ಬಾಗಿ ಅಲ್ಲೇ ನಿಂತುಬಿಟ್ಟಿತ್ತು. ಪಕ್ಕದ ಮನೆಯ ಅನ್ನಪೂರ್ಣಮ್ಮ ಹೆಣದ ಬೆನ್ನಿಗೆ ತನ್ನ ಎದೆ ಕೊಟ್ಟು, ಎರಡೂ ತೋಳಿನಿಂದ ತಬ್ಬಿ ಹಿಡಿದಿದ್ದಳು. ಅವಳ ಕಣ್ಣೀರು ಇಳಿದು ಸತ್ತವಳ ಒದ್ದೆ ಕೂದಲಿಗೆ ಸೇರುತ್ತಿತ್ತು.

"ಬರಲ್ಲ ಅಪ್ಪಾಜಿ. ಗಟ್ಟಿ ಐತೆ."

"ಮೈ ಸೆಟೆದುಕೊಂಬಿಟ್ರೆ ಆಮೇಲೆ ಯಾರ ಕೈಲೂ ಆಗಲ್ಲ. ಸ್ವಲ್ಪ ಜೋರಾಗಿ ಒತ್ತು."

ಈರೇಶ್ ಲುಂಗಿ ಎತ್ತಿ ಕಟ್ಟಿಕೊಂಡು ತನ್ನ ಮಂಡಿಯನ್ನು ಆ ಮಂಡಿಯ ಮೇಲೆ ಊರುವಷ್ಟರಲ್ಲಿ, ವಿಭೂತಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದ ಶಿಲ್ಪಾ ತಟ್ಟೆಯನ್ನು ನೆಲಕ್ಕಿಟ್ಟು ಅವನ ಕೈ ಹಿಡಿದುಕೊಂಡಳು. ಸತ್ತವಳ ಮಗಳು, ತಳಕಿನ ಶಾಲೆಯಲ್ಲಿ ಟೀಚರ್. ಸುದ್ದಿ ತಿಳಿದು ಬಂದು ಇನ್ನೂ ಅರ್ಧ ಗಂಟೆಯಷ್ಟೇ ಆಗಿತ್ತು.

"ಬಿಡಣ್ಣ. ಅವ್ವನ ಕಾಲು ಅಷ್ಟೇ ಬರೋದು."

"ಬಿಡು ಅಂದ್ರೆ ಹೆಂಗವ್ವ?" ದೊಡ್ಡೀರಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು. "ನಾವು ಸತ್ತೋರ್ನ ಮಲಗಿಸಿ ಮಣ್ಣು ಮಾಡೋ ಪೈಕಿ ಅಲ್ಲ. ಕಾಲು ಮಡಚಿ, ಅಂಗೈಯಾಗೆ ಲಿಂಗ ಇಟ್ಟು ಕೂರಿಸ್ಬೇಕು. ನಮ್ಮವ್ವ ಹಂಗೇ ಹೋದ್ಲು, ನಮ್ಮಪ್ಪನೂ ಹಂಗೇ ಹೋದ. ಈ ಮನೆ ಸೊಸೆ ಮುತ್ತೈದೆಯಾಗಿ ಹೋಗಿದಾಳೆ. ಕಾಲು ಚಾಚ್ಕೊಂಡು ಹೋಗ್ಲಿ ಅಂತೀಯಾ?"

ಶಿಲ್ಪಾ ಬಾಗಿಲ ಕಡೆ ನೋಡಿದಳು. ಅವಳಪ್ಪ, ದೊಡ್ಡೀರಪ್ಪನ ತಮ್ಮ ಕಲ್ಲೇಶಪ್ಪ, ಬಾಗಿಲುವಾಡಕ್ಕೆ ಒರಗಿ ನಿಂತಿದ್ದ. ಬೆಳಗಿನ ಜಾವ ಐದಕ್ಕೆ ದಿನಾ ಏಳುವ ಹೆಂಡತಿ ಏಳದಿದ್ದಾಗ ಭುಜ ಮುಟ್ಟಿ ನೋಡಿದವನು ಅವನು. ಆಗಿನಿಂದ ಅವನು ಆಡಿದ್ದು ಫೋನಿನಲ್ಲಿ ಎರಡೇ ಮಾತು.

"ನೀನಾದ್ರೂ ಹೇಳಪ್ಪ."

ಕಲ್ಲೇಶಪ್ಪ ಬಾಯಿ ತೆರೆದ. ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹಿತ್ತಿಲ ಕಡೆ ಹೋದ.

"ಸದ್ಯಕ್ಕೆ ಕುರ್ಚಿ ಮೇಲೆ ಕೂರಿಸೋಣ," ಎಂದಳು ಅನ್ನಪೂರ್ಣಮ್ಮ. "ನೋಡೋಕೆ ಬರೋರು ಬರ್ತಾರೆ. ಮಿಕ್ಕಿದ್ದು ಅಯ್ಯನೋರು ಬಂದ್ಮೇಲೆ."

ಮಿಲ್ಲಿನ ಆಫೀಸಿನಿಂದ ಕೈಯಿರುವ ಮರದ ಕುರ್ಚಿ ತಂದರು. ಮಡಚಿದ್ದ ಎಡಗಾಲನ್ನು ಬಿಡಿಸಿ ಇಳಿಬಿಟ್ಟು, ಹಸಿರು ಸೀರೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಬಿದ್ದುಹೋಗದಂತೆ ಎದೆಯ ಸುತ್ತ ಬಿಳಿ ಪಂಚೆ ಬಿಗಿದರು.

ಹೊರಗೆ ಗೇಟಿನ ಹತ್ತಿರ ಹನ್ನೊಂದು ಹೆಂಗಸರು ಸುತ್ತಿದ ಚಾಪೆಗಳನ್ನು ಕಂಕುಳಲ್ಲಿ ಹಿಡಿದು ನಿಂತಿದ್ದರು. ಆರು ಗಂಟೆಯ ಕ್ಲಾಸಿಗೆ ಎಂದಿನಂತೆ ಬಂದವರು. ಗೋಡೌನಿನ ಬಾಗಿಲಿಗೆ ಬೀಗ ಕಂಡು, ಅಲ್ಲಿಂದ ಅಳುವಿನ ಸದ್ದು ಕೇಳಿದ ಕಡೆಗೆ ನಡೆದು ಬಂದಿದ್ದರು. ಅಲ್ಲಿಂದ ಯಾರೂ ಮನೆಗೆ ಹೋಗಿರಲಿಲ್ಲ.

ಮಂಗಳಗೌರಿಯನ್ನು ಚಳ್ಳಕೆರೆಯ ಆ ಬೀದಿಯವರೆಲ್ಲ ಗೌರಕ್ಕ ಎನ್ನುತ್ತಿದ್ದರು. ವಯಸ್ಸು ಅರವತ್ತೊಂದು. ಗಂಡನ ಶೇಂಗಾ ಮಿಲ್ಲಿನ ಹಿಂದಿನ ಗೋಡೌನಿನಲ್ಲಿ ಇಪ್ಪತ್ತಾರು ವರ್ಷ ಅವಳು ಜನಕ್ಕೆ ನಿಲ್ಲುವುದು, ಕೂರುವುದು, ಬಗ್ಗುವುದು, ಭಾರ ಎತ್ತುವುದು, ನಡೆಯುವುದು ಹೇಗೆಂದು ಕಲಿಸಿದ್ದಳು. ಅದು ಯೋಗವಲ್ಲ, ಕಸರತ್ತೂ ಅಲ್ಲ. ಏನೆನ್ನಬೇಕೆಂದು ತಿಳಿಯದೆ ಊರವರು ಅದಕ್ಕೆ ನಡಿಗೆ ಕ್ಲಾಸು ಎಂದು ಹೆಸರಿಟ್ಟಿದ್ದರು.

*

ಮೂವತ್ತು ವರ್ಷದ ಹಿಂದೆ ಒಂದು ಭಾನುವಾರ, ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಗಂಡ ಹೆಂಡತಿ ಸ್ಕೂಟರಿನಲ್ಲಿ ತಳಕಿನಿಂದ ವಾಪಸು ಬರುತ್ತಿದ್ದರು. ಎದುರುಗಾಳಿ ಜೋರಾಗಿತ್ತು. ಗೌರಿ ಏನೋ ಹೇಳುತ್ತಿದ್ದಳು, ಕಲ್ಲೇಶಪ್ಪನಿಗೆ ಕೇಳಿಸಲಿಲ್ಲ. ಏನೆಂದೆ ಎಂದು ಅವನು ಕತ್ತು ತಿರುಗಿಸುವ ಹೊತ್ತಿಗೆ ಅವಳ ಸೆರಗು ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತು.

ತೊಡೆಯ ಮೂಳೆ, ಮಂಡಿಯ ಚಿಪ್ಪು ಎರಡೂ ಮುರಿದಿದ್ದವು. ಮೂರು ತಿಂಗಳ ಮೇಲೆ ಪ್ಲಾಸ್ಟರ್ ಬಿಚ್ಚಿದಾಗ ಕಾಲು ಒಣಗಿದ ಕಟ್ಟಿಗೆಯಂತಿತ್ತು. ದಿನಾ ಬಂದು ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಬೇಕು, ವರ್ಷ ಹಿಡಿಯಬಹುದು ಎಂದರು ಡಾಕ್ಟರು. ವರ್ಷ ಎಂದದ್ದು ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. ನಾಲ್ಕು ವರ್ಷದ ಮಗು ಇತ್ತು. ದೊಡ್ಡೀರಪ್ಪ ಎಲ್ಲಿಂದಲೋ ಒಬ್ಬ ಮೂಳೆ ಕಟ್ಟುವವನನ್ನು ಕರೆತಂದ. ಅವನು ಮಂಡಿಯನ್ನು ಬೆರಳಿನಿಂದ ತಟ್ಟಿ ನೋಡಿ, "ಗಂಟು ಹಾಕ್ಕೊಂಡೈತೆ, ಬಿಚ್ಚಿದ್ರಾತು. ಒಂದೇ ದಿನದ ಕೆಲಸ," ಎಂದ.

ಎಣ್ಣೆ ತಿಕ್ಕಿ, ಬಿಸಿ ಬಟ್ಟೆ ಸುತ್ತಿ, ಗೌರಿಯನ್ನು ಜಮಖಾನದ ಮೇಲೆ ಬೋರಲು ಮಲಗಿಸಿದರು. "ಹೆಗಲು ಹಿಡ್ಕೊಳ್ರಿ ಯಜಮಾನ್ರೇ, ಅಳ್ಳಾಡಬಾರದು," ಎಂದ ಅವನು. ಕಲ್ಲೇಶಪ್ಪ ಹೆಗಲು ಹಿಡಿದ. ಮೂಳೆ ಕಟ್ಟುವವನು ಹರಡು ಹಿಡಿದು ಕಾಲನ್ನು ಬೆನ್ನ ಕಡೆಗೆ ಬಗ್ಗಿಸತೊಡಗಿದಾಗ ಗೌರಿ ಕಿರುಚಲಿಲ್ಲ. ಕತ್ತು ಹೊರಳಿಸಿ ಗಂಡನ ಮುಖ ನೋಡಿದಳು.

"ರೀ, ಬ್ಯಾಡ ಅನ್ರಿ."

"ಒಂದ್ನಿಮಿಷ ತಡ್ಕೋ ಗೌರಿ."

ಹಸಿ ಬಟ್ಟೆ ಹರಿದಂಥ ಒಂದು ಸದ್ದಾಯಿತು. ಮೂಳೆ ಕಟ್ಟುವವನು ಕೈ ಬಿಟ್ಟು ಎದ್ದುನಿಂತ. ಸಂಜೆಯೊಳಗೆ ಮಂಡಿ ಬೂದುಗುಂಬಳದಷ್ಟು ಊದಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು, ಕೂಡಿಕೊಳ್ಳುತ್ತಿದ್ದದ್ದೆಲ್ಲ ಒಳಗೆ ಕಿತ್ತುಹೋಗಿದೆ, ಇನ್ನು ಎಷ್ಟು ಮಾಡಿದರೂ ಕುರ್ಚಿಯಲ್ಲಿ ಕೂರುವಷ್ಟು ಮಡಚೀತು, ಅದಕ್ಕಿಂತ ಹೆಚ್ಚಿಲ್ಲ ಎಂದರು. ಆಮೇಲೆ ಕನ್ನಡಕ ತೆಗೆದು, "ಯಾರಮ್ಮ ಇದನ್ನ ಹೀಗೆ ಒತ್ತಿದ್ದು?" ಎಂದು ಕೇಳಿದರು.

ಕಲ್ಲೇಶಪ್ಪ ನೆಲ ನೋಡಿದ.

"ಯಾರೂ ಇಲ್ಲ ಸಾರ್," ಎಂದಳು ಗೌರಿ. "ಬಚ್ಚಲಾಗೆ ಬಿದ್ದೆ."

*

ಹತ್ತು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಭಜನೆಯವರು ತಾಳ ಹಿಡಿದು ಕೂತಿದ್ದರು. ಬಂದವರು ಕುರ್ಚಿಯಲ್ಲಿ ಕೂತಿದ್ದ ಗೌರಕ್ಕನ ಪಾದ ಮುಟ್ಟಿ, ಹೂವಿಟ್ಟು, ಹೊರಗೆ ಬಂದು ಗುಂಪಾಗಿ ಕೂರುತ್ತಿದ್ದರು. ಸಾವಿನ ಮನೆಯ ಮಾತು ಯಾವತ್ತೂ ಸತ್ತವರನ್ನು ಬಿಟ್ಟು ಬೇರೆ ಕಡೆ ಹರಿಯುವುದುಂಟು. ಇಲ್ಲಿ ಹಾಗಾಗಲಿಲ್ಲ.

"ನನ್ನ ಕತ್ತು ಹಿಡ್ಕೊಂಡು ಎರಡು ವರ್ಷ ಪಟ್ಟಿ ಹಾಕ್ಕೊಂಡಿದ್ದೆ. ಆಯಮ್ಮ ನನಗೇನೂ ಮಾಡ್ಸಲಿಲ್ಲ. ಹೊಲಿಗೆ ಮಿಷನ್ನಿನ ಕೆಳಗೆ ನಾಲ್ಕು ಇಟ್ಟಿಗೆ ಇಡ್ಸಿದ್ಲು, ಅಷ್ಟೇ," ಎಂದ ಒಬ್ಬ ಟೈಲರ್.

"ಕುದಾಪುರದ ಕ್ಯಾಂಪಸ್ಸಿನಾಗೆ ಕಸ ಗುಡಿಸೋಕೆ ಹೋಗ್ತೀನಿ ನಾನು. ಉದ್ದ ಹಿಡಿಯ ಪೊರಕೆ ಕೊಡ್ರಿ ಅಂತ ಸೂಪರ್‌ವೈಸರ್‌ನ ಕೇಳು ಅಂದ್ಲು. ನಂಗೆ ಭಯ. ನನ್ನ ಎದುರಿಗೆ ನಿಲ್ಸಿ ಹೆಂಗೆ ಕೇಳ್ಬೇಕು ಅಂತ ನಾಲ್ಕು ಸಲ ಹೇಳಿಸಿದ್ಲು," ಎಂದಳು ಚಾಪೆ ಹಿಡಿದಿದ್ದವಳೊಬ್ಬಳು. ಹೇಳುತ್ತ ಹೇಳುತ್ತ ಚಾಪೆಯಲ್ಲೇ ಮುಖ ಮುಚ್ಚಿಕೊಂಡಳು.

ಹತ್ತೂವರೆಗೆ ಒಂದು ಕಾಲಕ್ಕೆ ಮಿಲ್ಲಿನಲ್ಲಿ ಕೂಲಿ ಮಾಡುತ್ತಿದ್ದ ಕೆಂಚಕ್ಕ ಮೊಳಕಾಲ್ಮೂರಿನ ಬಸ್ಸಿಳಿದು ಬಂದಳು. ಹಿಂದೆ ಅವಳ ಗಂಡ, ನೇಕಾರ ಓಬಯ್ಯ. ಗೇಟಿನಿಂದಲೇ ಎರಡೂ ಕೈ ಚಾಚಿಕೊಂಡು ಬಂದವಳು ಕುರ್ಚಿಯ ಮುಂದೆ ಕುಸಿದಳು.

"ಅಕ್ಕಾ, ಮುಂದಿನ ಸೋಮವಾರ ಬರ್ತೀನಿ ಅಂದಿದ್ಯಲ್ಲೇ ನನ ತಲ್ಲೀ, ನನ ತಾಯೀ! ಆರು ಮಗ್ಗದೋರು ಕಾಯ್ತಾ ಕೂತವರಲ್ಲೇ! ಅವರಿಗೆ ನಾನೇನು ಹೇಳ್ಲಿ?"

ಎದೆಗೆ ಬಿಗಿದಿದ್ದ ಬಿಳಿ ಪಂಚೆ ಕಂಡು ಅವಳ ಅಳು ಒಮ್ಮೆಗೇ ನಿಂತಿತು. ಕೈ ಹಾಕಿ ಗಂಟನ್ನು ಒಂದಿಷ್ಟು ಸಡಿಲಿಸಿದಳು. ಆಮೇಲೆ ಮತ್ತೆ ಅತ್ತಳು.

*

ದಾವಣಗೆರೆಯ ಆ ಆಸ್ಪತ್ರೆಯಲ್ಲಿ ಕಿರಣ್‌ಕುಮಾರ್ ಎಂಬ ಹೊಸ ಹುಡುಗನೊಬ್ಬ ಫಿಸಿಯೋಥೆರಪಿ ಮಾಡಿಸುತ್ತಿದ್ದ. ಮೊದಲ ದಿನ ಅವನು ಗೌರಿಯ ಕಾಲನ್ನು ಮುಟ್ಟಲೇ ಇಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತು, "ವಾಸಿಯಾದ ಮೇಲೆ ಏನು ಮಾಡಬೇಕು ಅಂತ ಆಸೆ ಇದೆ?" ಎಂದು ಕೇಳಿದ.

"ನೆಲದ ಮೇಲೆ ಕೂತು ಮಗಳ ತಲೆ ಬಾಚ್ಬೇಕು."

ಅವನು ಅವಳ ಎಕ್ಸ್‌ರೇ ಎತ್ತಿ ನೋಡಿದ. "ನೆಲದ ಮೇಲೆ ಕೂರೋದು ಆಗಲ್ಲಮ್ಮ. ಮಗಳ ತಲೆ ಬಾಚೋದು ಆಗತ್ತೆ."

ಹದಿನಾಲ್ಕು ತಿಂಗಳು ಹಿಡಿಯಿತು. ಹಾಸಿಗೆಯಿಂದ ಏಳಬೇಕಾದರೆ ಮೊದಲು ಪಕ್ಕಕ್ಕೆ ಹೊರಳಬೇಕು ಎನ್ನುವುದರಿಂದ ಶುರುವಾಯಿತು. ಹೆಜ್ಜೆ ಎತ್ತುವ ಮೊದಲು ಮೈಭಾರ ಎಲ್ಲಿರುತ್ತದೆ, ಎತ್ತಿದ ಮೇಲೆ ಎಲ್ಲಿಗೆ ಹೋಗುತ್ತದೆ, ಭಯವಾದಾಗ ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಒಂದೊಂದನ್ನೇ ಹುಡುಕಿ ಕಲಿತಳು. ನೋವು ಶುರುವಾಗುವುದಕ್ಕೆ ಒಂದು ಬೆರಳು ಮುಂಚೆ ನಿಲ್ಲಿಸಿ ಎಂದು ಹುಡುಗ ಹೇಳುತ್ತಿದ್ದ. ನಾಳೆ ಆ ಬೆರಳು ತಾನಾಗಿ ಮುಂದಕ್ಕೆ ಹೋಗುತ್ತದೆ ಎನ್ನುತ್ತಿದ್ದ. ಹೋಗುತ್ತಿತ್ತು, ಆದರೆ ನಾಳೆಯಲ್ಲ, ಎಷ್ಟೋ ವಾರಗಳ ಮೇಲೆ. ಒಂದು ದಿನ ಮಗಳು ಆಸ್ಪತ್ರೆಗೆ ಬಂದಾಗ ಗೌರಿ ಮಂಚದ ಅಂಚಿಗೆ ಕೂತು, ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಎರಡು ಜಡೆ ಹಾಕಿದಳು. ಕಿರಣ್‌ಕುಮಾರ್ ಬಾಗಿಲಲ್ಲಿ ನಿಂತು ನೋಡಿ ಹೋದ.

ಚಳ್ಳಕೆರೆಗೆ ವಾಪಸಾದಾಗ ಬಲಗಾಲನ್ನು ಒಂಚೂರು ಆಚೆಗೆ ಬೀಸಿ ನಡೆಯುತ್ತಿದ್ದಳು. ನೆಲಕ್ಕೆ ಕೂರಲಾಗದವಳಿಗೆ ಊಟದ ಪಂಕ್ತಿ ಇಲ್ಲ, ಪೂಜೆಯ ಮಣೆ ಇಲ್ಲ, ಹಬ್ಬದ ಹೋಳಿಗೆ ತಟ್ಟುವ ಹೆಂಗಸರ ನಡುವೆ ಜಾಗವಿಲ್ಲ. ಮನೆಯಲ್ಲಿದ್ದ ಒಂದೇ ಎತ್ತರದ ಕುರ್ಚಿ ಮಿಲ್ಲಿನ ಆಫೀಸಿನದು. ಅಲ್ಲಿ ಕೂತು ಶೇಂಗಾ ಆರಿಸುವ ಹೆಂಗಸರನ್ನು ನೋಡುತ್ತಿದ್ದಳು. ಅವರಲ್ಲಿ ಒಬ್ಬಳು ಕೆಂಚಕ್ಕ. ಗಂಡನ ಮಗ್ಗಕ್ಕೆ ಆಗ ಸರಿಯಾಗಿ ಕೆಲಸವಿಲ್ಲದೆ, ಮೊಳಕಾಲ್ಮೂರಿನಿಂದ ಬಂದು ತಂಗಿಯ ಮನೆಯಲ್ಲಿದ್ದು ಕೂಲಿ ಮಾಡುತ್ತಿದ್ದಳು. ಪ್ರತಿ ಬುಟ್ಟಿ ಎತ್ತಿದಾಗಲೂ ತನ್ನ ತೆಲುಗಿನಲ್ಲಿ "ದೇವುಡಾ" ಎಂದು ನರಳುತ್ತಿದ್ದಳು.

"ಕೆಂಚಕ್ಕ, ಬುಟ್ಟಿ ಅಷ್ಟು ದೂರ ಇಟ್ಕೊಂಡು ಯಾಕೆ ಎತ್ತುತೀಯಾ? ಹತ್ರ ಹೋಗು. ಇನ್ನೂ ಹತ್ರ. ಈಗ ಮಂಡಿ ಬಗ್ಗಿಸು."

"ಏನಮ್ಮ, ಬುಟ್ಟಿ ಎತ್ತೋದು ಕಲಿಸ್ತೀರಾ ನಂಗೆ?" ಎಂದು ಕೆಂಚಕ್ಕ ನಕ್ಕಿದ್ದಳು. ಮಿಕ್ಕವರೂ ನಕ್ಕಿದ್ದರು. ಒಂದು ತಿಂಗಳಿಗೆ ಕೆಂಚಕ್ಕನ ನರಳಿಕೆ ನಿಂತಿತು. ಎರಡನೇ ತಿಂಗಳು ನಾಲ್ಕು ಜನ ಬಂದು ನಿಂತರು.

ಬಜಾರಿನಲ್ಲಿ ಮಾತು ಹುಟ್ಟಿತು. ಕಲ್ಲೇಶಪ್ಪ ಹಿಂಡಿ ಮಾರಲು ಹೋದ ಕಡೆ ಯಾರೋ, "ಕುಂಟೋಳು ನಡಿಗೆ ಕಲಿಸ್ತಾಳಂತೆ ಕಣ್ರೋ," ಎಂದರು. ಅವನು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಹೇಳಿದ: "ಸುಮ್ನೆ ಮನೆಯಾಗಿರು ಗೌರಿ. ಜನ ನಗ್ತಾರೆ."

"ನಗ್ಲಿ ಬಿಡ್ರಿ," ಎಂದಳು ಅವಳು. "ಈ ಊರಾಗೆ ನಡಿಯೋದು ಕಲಿತೋಳು ನಾನೊಬ್ಳೇ. ಮಿಕ್ಕೋರೆಲ್ಲ ಸುಮ್ನೆ ನಡೀತಾ ಬಂದೋರು."

ವಾರದ ಮೇಲೆ ಅವನೇ ಹಿಂದಿನ ಗೋಡೌನ್ ಖಾಲಿ ಮಾಡಿಸಿ ಸುಣ್ಣ ಬಳಿಸಿದ. ಎರಡು ವರ್ಷ ಅವಳು ತಿಂಗಳಿಗೊಮ್ಮೆ ದಾವಣಗೆರೆಗೆ ಹೋಗಿ ಕಿರಣ್‌ಕುಮಾರನ ಪಕ್ಕದಲ್ಲಿ ನಿಂತು ಕಲಿತು ಬಂದಳು. ತನಗೆ ತಿಳಿಯದ್ದು ಕಂಡರೆ, "ಇದು ನನ್ನ ಕೈಯಾಗಿಂದಲ್ಲ, ಆಸ್ಪತ್ರೆಗೆ ಹೋಗು," ಎಂದು ಕಳಿಸುತ್ತಿದ್ದಳು. ಕೆಂಚಕ್ಕ ಊರಿಗೆ ವಾಪಸಾದ ಮೇಲೆ ಸೋಮವಾರಕ್ಕೊಮ್ಮೆ ಮೊಳಕಾಲ್ಮೂರಿಗೂ ಬಸ್ಸು ಹತ್ತತೊಡಗಿದಳು.

ಗೋಡೌನಿಗೂ ಮಿಲ್ಲಿಗೂ ನಡುವೆ ಒಂದೇ ಗೋಡೆ. ಒಂದು ಬೆಳಿಗ್ಗೆ ಕಲ್ಲೇಶಪ್ಪ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಾಗ ಹೊಸಬರಿಗೆ ಅವಳು ಹೇಳುತ್ತಿದ್ದದ್ದು ಕೇಳಿಸಿತು.

"ಯಾರಾದ್ರೂ ನಿಮ್ಮ ಮೈಮೇಲೆ ಕೈಯಿಟ್ಟು ಒತ್ತಕ್ಕೆ ಬಂದ್ರೆ, ನಾನೇ ಆಗಿರ್ಲಿ, ಬ್ಯಾಡ ಅನ್ರಿ. ನಿಮ್ಮ ಬಾಯಿಂದ್ಲೇ ಅನ್ರಿ. ಪಕ್ಕದೋರು ಅಂತಾರೆ ಅಂತ ಕಾಯಬ್ಯಾಡ್ರಿ."

ಅವನು ಎಣ್ಣೆಯ ಡಬ್ಬಿ ಹಿಡಿದು ನಿಂತೇ ಇದ್ದ. ಆವತ್ತು ಮಧ್ಯಾಹ್ನ ಊಟ ಬಡಿಸುವಾಗ ಕೇಳಿಬಿಡಬೇಕು ಎಂದುಕೊಂಡ. ಅವಳು ರೊಟ್ಟಿ ಹಾಕಿ, ಪಲ್ಯ ಹಾಕಿ, "ಉಪ್ಪು ಸರಿ ಐತೇನ್ರಿ?" ಎಂದಳು. ಐತೆ ಎಂದ. ಆ ಮಾತು ಅಲ್ಲಿಗೇ ಉಳಿಯಿತು. ಇಪ್ಪತ್ತು ವರ್ಷ ಉಳಿಯಿತು.

*

ಒಂದು ಗಂಟೆಗೆ ಗುಂಡಿ ತೋಡುವ ಪಾತಣ್ಣ ರುದ್ರಭೂಮಿಯಿಂದ ಬಂದು ಬೇವಿನ ಮರದ ಕೆಳಗೆ ನಿಂತ. "ಗುಂಡಿ ಆಗೈತೆ. ಒಳಗೆ ಕೂರಿಸೋ ಗೂಡು ಎಷ್ಟು ಅಗಲ ಬೇಕು ಹೇಳ್ರಿ. ಕಾಲು ಹೆಂಗೆ ಬರ್ತೈತೋ ಅದರ ಮೇಲೆ," ಎಂದ.

ಬೆಳಿಗ್ಗೆ ಅರ್ಧಕ್ಕೆ ನಿಂತಿದ್ದ ಮಾತು ಮತ್ತೆ ಎದ್ದಿತು. ಮಠದ ಅಯ್ಯನವರು ಒಳಗೆ ಪೂಜೆಗೆ ಅಣಿ ಮಾಡುತ್ತಿದ್ದರು. ದೊಡ್ಡೀರಪ್ಪ ತಮ್ಮನ ಪಕ್ಕದಲ್ಲಿ ಬಂದು ಕೂತು ಮೆಲ್ಲಗೆ ಹೇಳಿದ.

"ನೋಡು ಕಲ್ಲೇಶ, ನಾನೂ ಅವಳ ಹತ್ರ ಕಲಿತೋನೇ. ಹರ್ನಿಯಾ ಆಪರೇಷನ್ ಆದಾಗ ನನ್ನ ಮಂಚದಿಂದ ಎಬ್ಬಿಸಿದಾಕೆ ಅವಳು. ಅವಳಿಗೆ ಕಮ್ಮಿ ಆಗಬಾರದು ಅಂತ್ಲೇ ಹೇಳ್ತಿರೋದು. ಮೈ ಈಗ ಪೂರ್ತಿ ಸೆಟೆದೈತೆ. ಕೀಲು ಬಿಡಿಸ್ಬೇಕು. ಪಾತಣ್ಣನಿಗೆ ಗೊತ್ತೈತೆ, ಒಂದೇ ಏಟು. ಸತ್ತ ಮೈಗೆ ನೋವಿಲ್ಲ."

"ಬ್ಯಾಡ," ಎಂದ ಕಲ್ಲೇಶಪ್ಪ.

ದನಿ ಎಷ್ಟು ಸಣ್ಣದಿತ್ತೆಂದರೆ ದೊಡ್ಡೀರಪ್ಪ, "ಏನಂದೆ?" ಎಂದ.

ಕಲ್ಲೇಶಪ್ಪ ಎದ್ದು ನಿಂತ. ಭಜನೆಯ ತಾಳ ನಿಂತಿತು.

"ಬ್ಯಾಡ ಅಂದೆ ಅಣ್ಣ. ಅವತ್ತು ಹೆಗಲು ಹಿಡಿದೋನು ನಾನು. ನನ್ನ ಮುಖ ನೋಡಿ, ರೀ, ಬ್ಯಾಡ ಅನ್ರಿ ಅಂದ್ಲು. ನಾನು ಅನ್ನಲಿಲ್ಲ. ಡಾಕ್ಟ್ರು ಕೇಳಿದಾಗ ಬಚ್ಚಲಾಗೆ ಬಿದ್ದೆ ಅಂದ್ಲು. ಅವಾಗ್ಲೂ ನಾನು ಅನ್ನಲಿಲ್ಲ." ಅವನು ಒಳಗಿನ ಕುರ್ಚಿಯ ಕಡೆ ಕೈ ತೋರಿದ. "ಇವತ್ತು ಅಂತಿದೀನಿ. ಯಾರೂ ಆ ಕಾಲು ಮುಟ್ಟಬ್ಯಾಡ್ರಿ."

ಶಿಲ್ಪಾ ಒಳಬಾಗಿಲಲ್ಲಿ ನಿಂತಿದ್ದಳು. ಅವ್ವ ಬಚ್ಚಲಲ್ಲಿ ಬಿದ್ದಳೆಂದೇ ಅವಳು ಮೂವತ್ತು ವರ್ಷ ತಿಳಿದಿದ್ದಳು. ಅಪ್ಪನನ್ನು ನೋಡಿದಳು, ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ.

ದೊಡ್ಡೀರಪ್ಪ ಬಹಳ ಹೊತ್ತು ತನ್ನ ಕೈ ನೋಡಿಕೊಳ್ಳುತ್ತ ಕೂತ. ಆಮೇಲೆ ತಲೆ ಎತ್ತದೆ ಹೇಳಿದ: "ಅವನನ್ನ ಕರ್ಕೊಂಡು ಬಂದೋನು ನಾನು ಕಲ್ಲೇಶ."

ಕೊನೆಗೆ ಪಾತಣ್ಣನೇ ಕೇಳಿದ. "ಹಂಗಾದ್ರೆ ಹೆಂಗೆ ಕೂರಿಸೋದು? ಕುರ್ಚಿ ಸಮೇತ ಇಳಿಸೋಕಾಗ್ತದಾ?"

"ಯಜಮಾನ್ರೇ, ನಾನೊಂದ್ ಮಾತು ಹೇಳ್ಲಾ?" ಶಾಮಿಯಾನದ ಆಚೆ, ಬಿಸಿಲಲ್ಲಿ ನಿಂತಿದ್ದ ಓಬಯ್ಯ ಒಂದು ಹೆಜ್ಜೆ ಮುಂದೆ ಬಂದ. "ನಾನು ನೇಕಾರ. ನಮ್ದು ಗುಂಡಿಮಗ್ಗ. ನೆಲದ ಮಟ್ಟಕ್ಕೆ ಕೂರ್ತೀವಿ, ಕಾಲು ಕೆಳಗೆ ಗುಂಡಿಯಾಗಿರ್ತವೆ. ಕೂತೋರು ಕೂತಂಗೇ ಇರ್ತಾರೆ, ಕಾಲು ಮಡಚೋ ಕೆಲಸ ಇಲ್ಲ. ಗೂಡಿನಾಗೆ ಹಂಗೊಂದು ಕಟ್ಟೆ ಬಿಟ್ಟು, ಮುಂದೆ ಮೊಳದಷ್ಟು ಆಳ ಮಾಡಿದ್ರೆ ಸಾಕು. ಗೌರಮ್ಮನೋರು ನಮ್ಮನ್ಯಾಗೆ ಹಂಗೆ ಕೂತಿದ್ರು. ನಾನು ನೋಡೀನಿ."

*

ಗೌರಿ ಮೊಳಕಾಲ್ಮೂರಿಗೆ ಮೊದಲ ಸಲ ಹೋದದ್ದು ಓಬಯ್ಯನ ಸೊಂಟ ನೋಡಲು. ಅವನು ಮಗ್ಗದಲ್ಲಿ ಕೂತು ಲಾಳಿ ಎಸೆಯುವುದನ್ನು ಅರ್ಧ ಗಂಟೆ ನಿಂತು ನೋಡಿದಳು. ಆಮೇಲೆ, "ನೀನು ಎದ್ದೇಳಪ್ಪ, ಒಂದ್ಸಲ ನಾನು ಕೂತು ನೋಡ್ತೀನಿ. ಇಲ್ದಿದ್ರೆ ನಂಗೆ ತಿಳಿಯಲ್ಲ," ಎಂದಳು.

ಕೆಂಚಕ್ಕ ತೋಳು ಹಿಡಿದಳು. ಗೌರಿ ಗೋಡೆ ಹಿಡಿದು ಜಾರಿ, ನೆಲದ ಅಂಚಿಗೆ ಕೂತು, ಎರಡೂ ಕಾಲು ಗುಂಡಿಗೆ ಇಳಿಬಿಟ್ಟಳು. ಎಡಕ್ಕೂ ಬಲಕ್ಕೂ ಸೆಗಣಿ ಸಾರಿಸಿದ ತಣ್ಣನೆಯ ನೆಲ ಅವಳ ಅಂಗೈಗೆ ಸಿಗುತ್ತಿತ್ತು. ಅವಳು ನೆಲ ಸವರಿದಳು, ಇನ್ನೊಮ್ಮೆ ಸವರಿದಳು. ಎದುರಿಗೆ ಕೆಂಚಕ್ಕನ ಮೊಮ್ಮಗಳು ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ಕೂತಿತ್ತು. ಇಬ್ಬರ ಮುಖವೂ ಒಂದೇ ಮಟ್ಟಕ್ಕಿತ್ತು.

"ಏನಾಯ್ತಕ್ಕ?" ಎಂದು ಕೆಂಚಕ್ಕ ಗಾಬರಿಯಾದಳು.

"ಏನಿಲ್ಲ ಕಣೇ. ನೆಲಕ್ಕೆ ಕೂತು ಹದಿನೆಂಟು ವರ್ಷ ಆಗಿತ್ತು." ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ನಂಗೊಂದು ತಟ್ಟೆ ಹಾಕು. ಇಲ್ಲೇ ಉಣ್ತೀನಿ."

*

ಅಯ್ಯನವರು ಹೊರಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡರು. "ಬೆನ್ನು ನೆಟ್ಟಗಿರಬೇಕು, ಕೈಯಾಗೆ ಲಿಂಗ ಇರಬೇಕು. ಕಾಲಿನ ಮಾತು ನನ್ನ ಪಾಲಿಗೆ ದೊಡ್ಡದಲ್ಲ. ಮಾಡ್ರಪ್ಪ," ಎಂದರು.

"ನಮ್ಮ ರುದ್ರಭೂಮಿಯಾಗೆ ಹೊರಗಿನೋರು ಗುಂಡಿಗಿಳಿಯೋದು..." ಎಂದು ಯಾರೋ ಗೊಣಗಿದರು. ದೊಡ್ಡೀರಪ್ಪ ಎದ್ದುನಿಂತು ಓಬಯ್ಯನಿಗೆ, "ನೀ ನಡಿಯಪ್ಪ, ಹೊತ್ತಾಗ್ತೈತೆ," ಎಂದ. ಕೆಂಚಕ್ಕ ಒಂದು ದಾರ ತಂದು ಗೌರಕ್ಕನ ಎಡಗಾಲಿನ ಹಿಮ್ಮಡಿಯಿಂದ ಮಂಡಿಯವರೆಗೆ ಅಳೆದು, ಗಂಟು ಹಾಕಿ ಗಂಡನ ಕೈಗೆ ಕೊಟ್ಟಳು.

ಮೂರು ಗಂಟೆಗೆ ಮೆರವಣಿಗೆ ಹೊರಟಿತು. ಹೆಂಗಸರು ರುದ್ರಭೂಮಿಗೆ ಹೋಗುವ ವಾಡಿಕೆ ಆ ಮನೆತನದಲ್ಲಿ ಇರಲಿಲ್ಲ. ಅವತ್ತು ಚಾಪೆಯವರು ಹನ್ನೊಂದೂ ಜನ ಹಿಂದೆ ನಡೆದರು. ಅವರ ಮುಂದೆ ಶಿಲ್ಪಾ ನಡೆದಳು. ಯಾರೂ ತಡೆಯಲಿಲ್ಲ.

ಗರಸು ಮಣ್ಣು. ಓಬಯ್ಯ ಹಾರೆ ಹಾಕಿ ಕೆದಕಿದ್ದ, ಪಾತಣ್ಣ ಸನಿಕೆಯಲ್ಲಿ ಎತ್ತಿ ಹಾಕಿದ್ದ. ಗೂಡಿನೊಳಗೆ ಅಂಗೈ ಸವರಿ ನುಣುಪು ಮಾಡಿದ ಮಣ್ಣಿನ ಕಟ್ಟೆ, ಅದರ ಮುಂದೆ ಕಾಲಿಗೆ ತಗ್ಗು.

ಈರೇಶ್ ಮತ್ತು ಮೂವರು ದೇಹವನ್ನು ಇಳಿಸಲು ಗುಂಡಿಗಿಳಿದರು. ಮೇಲಿನವರ ಕೈಯಿಂದ ತೆಗೆದುಕೊಳ್ಳುವಾಗ ಈರೇಶ್ ಕೈ ಚಾಚಿ ಸೊಂಟ ಬಗ್ಗಿಸಿದ, ಭಾರಕ್ಕೆ ತತ್ತರಿಸಿದ.

"ಮಂಡಿ ಬಗ್ಗಿಸಣ್ಣ, ಸೊಂಟ ಅಲ್ಲ," ಎಂದು ಮೇಲಿಂದ ಒಂದು ಹೆಣ್ಣುದನಿ ಬಂತು. ಕುದಾಪುರದಲ್ಲಿ ಕಸ ಗುಡಿಸುವವಳು. "ಮೈಗೆ ಹತ್ರ ಹಿಡ್ಕೊ. ಉಸ್ರು ಬಿಡು."

ಈರೇಶ್ ಮಂಡಿ ಬಗ್ಗಿಸಿದ. ಚಿಕ್ಕಮ್ಮನನ್ನು ಎದೆಗೆ ಹತ್ತಿರ ತಂದುಕೊಂಡ, ಉಸಿರು ಬಿಟ್ಟ. ನಾಲ್ವರೂ ಸೇರಿ ಅವಳನ್ನು ಕಟ್ಟೆಯ ಮೇಲೆ ಕೂರಿಸಿದರು. ಬೆನ್ನು ಗೂಡಿನ ಗೋಡೆಗೆ ಒರಗಿತು. ಅಯ್ಯನವರು ಎಡಗೈಯಲ್ಲಿ ಲಿಂಗವಿಟ್ಟು, ಹಣೆಗೆ ವಿಭೂತಿ ಹಚ್ಚಿ ಮಂತ್ರ ಹೇಳಿದರು. ಬಿಲ್ವಪತ್ರೆ ಹಾಕಿದರು. ಶಿಲ್ಪಾ ಮೇಲಿನಿಂದ ಎರಡೂ ಕೈ ಜೋಡಿಸಿ ನೋಡುತ್ತಿದ್ದಳು.

ಕಲ್ಲೇಶಪ್ಪ ಕೊನೆಯ ಸಲ ಮುಖ ನೋಡಲೆಂದು ಗುಂಡಿಗಿಳಿದ. ನೋಡಿ ಮೇಲೆ ಬರಬೇಕಾದವನು ಬರಲಿಲ್ಲ. ಎಡಪಾದ ತಗ್ಗಿನ ಮಣ್ಣಿಗೆ ಸರಿಯಾಗಿ ಊರಿತ್ತು. ಬಲಗಾಲು ಎಡಗಾಲಿಗಿಂತ ಒಂಚೂರು ಕಡಿಮೆ ಬಾಗಿದ್ದರಿಂದ ಆ ಪಾದ ಮುಂದಕ್ಕೆ ಸರಿದು, ನೆಲದಿಂದ ಮೂರು ಬೆರಳು ಮೇಲಕ್ಕೆ ನಿಂತಿತ್ತು. ಅವನು ಕುಕ್ಕರುಗಾಲಿನಲ್ಲಿ ಕೂತು ಆ ಹಿಮ್ಮಡಿಯ ಕೆಳಗೆ ತನ್ನ ಅಂಗೈ ಇಟ್ಟ.

"ಏಳ್ರಿ ಯಜಮಾನ್ರೇ, ಮಣ್ಣು ಹಾಕ್ಬೇಕು," ಎಂದ ಪಾತಣ್ಣ.

"ಹಾಕು. ಇಲ್ಲಿಂದ ಶುರು ಮಾಡು."

ಮೇಲೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಬಯ್ಯ ಮರುಮಾತಾಡದೆ ಗುಂಡಿಯ ಅಂಚಿಗೆ ಕೂತು, ಮಣ್ಣನ್ನು ಸನಿಕೆಯಲ್ಲಿ ಹಾಕದೆ ಬೊಗಸೆಯಲ್ಲಿ ತೆಗೆದು, ಕಲ್ಲು ಆರಿಸಿ, ಪುಡಿ ಮಾಡಿ ಕೆಳಗೆ ಕೊಟ್ಟ. ಕಲ್ಲೇಶಪ್ಪ ಎಡಗೈಯಿಂದ ಅದನ್ನು ಹಿಮ್ಮಡಿಯ ಸುತ್ತ ತುಂಬಿ ತಟ್ಟುತ್ತ ಹೋದ. ಬಲಗೈ ಅಲ್ಲೇ ಇತ್ತು. ಮಣ್ಣು ಬೆರಳುಗಳ ನಡುವೆ ಇಳಿಯಿತು, ಹೆಬ್ಬೆರಳು ಮುಚ್ಚಿತು, ಮುಂಗೈವರೆಗೆ ಬಂತು. ಬಿಸಿಲು ಗುಂಡಿಯಿಂದ ಸರಿದು ಹೋಗಿತ್ತು. ಯಾರೂ ಅವನನ್ನು ಅವಸರಪಡಿಸಲಿಲ್ಲ.

ಆಮೇಲೆ ಅವನು ಕೈಯನ್ನು ಬಹಳ ನಿಧಾನವಾಗಿ, ಒಂದೊಂದೇ ಬೆರಳು, ಹೊರಗೆ ತೆಗೆದ. ಹಿಮ್ಮಡಿ ಜಾರಲಿಲ್ಲ. ಮಣ್ಣಿನ ಮೇಲೆ ನಿಂತಿತು.